ರೈಡಿಂಗ್ ಮೊವರ್‌ಗೆ ಬೇರೆ ಎಂಜಿನ್: ವೈರಿಂಗ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಹುಲ್ಲು ಕತ್ತರಿಸಲು ಕೂತು ಓಡಿಸುವ ಮೊವರ್ ಗಾಡಿಯಲ್ಲಿ ಎಂಜಿನ್ ಇಳಿಸಿ ಇನ್ನೊಂದು ಕೂರಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ನಾಲ್ಕು ಬೋಲ್ಟು, ಕೆಳಗೊಂದು ಪುಲ್ಲಿ, ಒಂದು ಪೆಟ್ರೋಲ್ ಪೈಪು, ಒಂದು ಥ್ರಾಟಲ್ ಕೇಬಲ್. ಜೊತೆಗೆ ಇನ್ನೊಬ್ಬರು ಸೇರಿಕೊಂಡರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಗಾಡಿ ಕಡೆಯ ಪ್ಲಗ್ಗಿನಲ್ಲಿ ಐದು ವೈರು, ಎಂಜಿನ್ ಕಡೆ ಮೂರು. ಬಣ್ಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಆಗ ಬಹಳ ಜನ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ, ಟೇಪ್ ಸುತ್ತಿ, ದೇವರ ಮೇಲೆ ಭಾರ ಹಾಕಿ ಕೀ ತಿರುಗಿಸುತ್ತಾರೆ. ಅದೊಂದನ್ನು ಮಾತ್ರ ಮಾಡಬೇಡಿ.

ಅಮೆರಿಕದಲ್ಲಿ ಊರಾಚೆ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆ ಅರ್ಧ ಎಕರೆ, ಒಂದು ಎಕರೆ ಹುಲ್ಲೂ ಗಂಟು ಬೀಳುತ್ತದೆ. ಕೂತು ಓಡಿಸುವ ಮೊವರ್ ಇಲ್ಲದಿದ್ದರೆ ಬೇಸಿಗೆಯ ಶನಿವಾರವೆಲ್ಲ ಅದಕ್ಕೇ ಹೋಗುತ್ತದೆ. ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಎಂಜಿನ್ ಹೋದರೆ ಡೆಕ್ಕು (ಬ್ಲೇಡ್ ಇರುವ ತಗಡಿನ ಪೆಟ್ಟಿಗೆ), ಗೇರು, ಟೈರು ಎಲ್ಲಾ ಇನ್ನೂ ಗಟ್ಟಿ ಇರುತ್ತವೆ. ಅಂಗಡಿಗೆ ಕೊಟ್ಟರೆ ಕೂಲಿಯೇ ಗಾಡಿ ಬೆಲೆಯನ್ನು ದಾಟುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ತಾವೇ ಕೂರಿಸುವವರು ಜಾಸ್ತಿ. ಸ್ನೇಹಿತರೊಬ್ಬರ ಗಾಡಿಯಲ್ಲೂ ಇದೇ ಆಯಿತು. ಹಳೆಯದು ಬ್ರಿಗ್ಸ್ ಆಂಡ್ ಸ್ಟ್ರಾಟನ್ ಕಂಪನಿಯ ಒಂದೇ ಸಿಲಿಂಡರಿನ ಎಂಜಿನ್, ತಂದು ಕೂರಿಸಿದ್ದು ಎರಡು ಸಿಲಿಂಡರಿನ ವಿ-ಟ್ವಿನ್. ಬೋಲ್ಟು ಸರಿಯಾಗಿ ಕೂತಿತು, ಶಾಫ್ಟೂ ಅದೇ ಒಂದು ಇಂಚಿನದು, ವೈರು ಮಾತ್ರ ತಾಳೆಯಾಗಲಿಲ್ಲ. ಕೆಳಗಿನ ಉದಾಹರಣೆಗಳಲ್ಲಿ ಸುಮಾರು ಆ ಗಾಡಿಯದೇ.

ಮೊದಲು ತಲೆಗೆ ಹೋಗಬೇಕಾದ ವಿಷಯ

ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೋ ಎಂಜಿನ್‌ಗಳು. ಕಿಡಿ ಬರಲು ಬ್ಯಾಟರಿ ಬೇಡ. ಫ್ಲೈವೀಲ್‌ನಲ್ಲಿರುವ ಆಯಸ್ಕಾಂತ ಕಾಯಿಲಿನ ಪಕ್ಕದಲ್ಲಿ ಹಾದುಹೋದಾಗ ಅದೇ ಕಿಡಿ ಹುಟ್ಟಿಸುತ್ತದೆ. ಊರಲ್ಲಿ ಟಿವಿಎಸ್ 50 ಅಥವಾ ಹಳೇ ಚೇತಕ್ ಓಡಿಸಿದವರಿಗೆ ಇದು ಗೊತ್ತು. ಬ್ಯಾಟರಿ ಸತ್ತು ವರ್ಷವಾದರೂ ಒದ್ದರೆ ಗಾಡಿ ಶುರುವಾಗುತ್ತಿತ್ತು, ಅಲ್ವಾ? ನಿಲ್ಲಿಸಬೇಕು ಅಂದರೆ ಕಾಯಿಲಿನಿಂದ ಬರುವ ಒಂದು ವೈರನ್ನು ಗಾಡಿಯ ಲೋಹದ ಮೈಗೆ, ಅಂದರೆ ಗ್ರೌಂಡ್ ಅಥವಾ ಅರ್ಥ್‌ಗೆ ಮುಟ್ಟಿಸಬೇಕು. ಇಲ್ಲೂ ಅಷ್ಟೇ. ಆ ವೈರಿಗೆ ಕಿಲ್ ವೈರ್ ಅನ್ನುತ್ತಾರೆ. ಅದು ಗ್ರೌಂಡ್‌ಗೆ ಮುಟ್ಟಿದರೆ ಎಂಜಿನ್ ಆಫ್, ಎಲ್ಲಿಗೂ ಮುಟ್ಟದೆ ತೂಗಾಡುತ್ತಿದ್ದರೆ ಎಂಜಿನ್ ಆನ್.

ಈಗ ಯೋಚಿಸಿ, ಆ ವೈರಿಗೆ ತಪ್ಪಿ ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಏನಾಗುತ್ತದೆ? ಕಾಯಿಲ್ ಸುಟ್ಟುಹೋಗುತ್ತದೆ. ಬಣ್ಣ ನೋಡಿ ಸೇರಿಸಬೇಡಿ ಅಂದದ್ದು ಇದಕ್ಕೇ. ಹಳೇ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್‌ಗೆ 12 ವೋಲ್ಟ್ ಕೊಡುತ್ತಿದ್ದ ಕಾಲು (ಪಿನ್) ಹೊಸ ಪ್ಲಗ್ಗಿನಲ್ಲಿ ಕಿಲ್ ವೈರಿನ ಎದುರಿಗೆ ಬಂದು ಕೂತರೆ, ಕೀ ತಿರುಗಿಸಿದ ಕ್ಷಣವೇ ಕಾಯಿಲ್ ಕಥೆ ಮುಗಿಯಿತು.

ಎಂಜಿನ್‌ನಿಂದ ಏನೇನು ಹೊರಗೆ ಬರುತ್ತದೆ

ಎಂಥಾ ಎಂಜಿನ್ ಆದರೂ ಹೊರಬರುವ ಕೆಲಸಗಳು ಕೈಬೆರಳಷ್ಟೇ. ಸ್ಟಾರ್ಟರ್ ಮೋಟರಿಗೆ ಒಂದು ದಪ್ಪ ಕೇಬಲ್, ಗ್ರೌಂಡ್‌ಗೆ ಇನ್ನೊಂದು. ಒಂದು ಕಿಲ್ ವೈರ್. ಕಾರ್ಬ್ಯುರೇಟರ್ ಬಟ್ಟಲಿನ ಕೆಳಗೆ ಒಂದು ಸಣ್ಣ ಸೊಲೆನಾಯ್ಡ್ (ಕರೆಂಟ್ ಇದ್ದಾಗ ಪೆಟ್ರೋಲ್ ಬಿಡುವ ಕವಾಟ) ಇದ್ದರೆ ಅದಕ್ಕೊಂದು ವೈರ್. ಮತ್ತೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೈರು, ಒಂದೋ ಎರಡೋ. ಕೆಲವದರಲ್ಲಿ ಆಯಿಲ್ ಪ್ರೆಷರ್ ಸ್ವಿಚ್ಚಿನದೂ ಇರುತ್ತದೆ. ಇದರಲ್ಲಿ ತೊಂದರೆ ಕೊಡುವುದು ಆಲ್ಟರ್ನೇಟರ್, ಯಾಕಂದರೆ ಹೊರಗಿನಿಂದ ಒಂದೇ ಥರ ಕಾಣುವ ಎರಡು ಎಂಜಿನ್‌ಗಳಲ್ಲಿ ಅದು ಬೇರೆ ಬೇರೆ ಇರಬಹುದು.

ಬ್ರಿಗ್ಸ್‌ನಲ್ಲಿ ಪ್ಲಗ್ಗಿನ ಬಣ್ಣ ನೋಡಿ ಸುಮಾರಾಗಿ ಹೇಳಬಹುದು. ಬಿಳಿ ಪ್ಲಗ್ಗಿನಲ್ಲಿ ಒಂದು ಕೆಂಪು, ಒಂದು ಕಪ್ಪು ವೈರ್ ಇದ್ದರೆ ಅದು ಡ್ಯುಯಲ್ ಸರ್ಕ್ಯೂಟ್. ಕೆಂಪು ಬ್ಯಾಟರಿ ಚಾರ್ಜಿಗೆ, ಸುಮಾರು 3 ಆಂಪಿಯರ್ ಡಿಸಿ. ಕಪ್ಪು ಹೆಡ್‌ಲೈಟಿಗೆ, 14 ವೋಲ್ಟ್ ಎಸಿ. ಎಸಿ ಅನ್ನೋದನ್ನು ಗಮನಿಸಿ. ಕಪ್ಪು ಅಂದರೆ ಗ್ರೌಂಡ್ ಅಂದುಕೊಂಡು ಚಾಸಿಗೆ ತಿರುಪು ಹಾಕುವವರಿದ್ದಾರೆ. ಹಸಿರು ಪ್ಲಗ್ಗಿನಲ್ಲಿ ಕೆಂಪು ಮತ್ತು ಬಿಳಿ ಇದ್ದರೆ ಟ್ರೈ ಸರ್ಕ್ಯೂಟ್, ಕೆಂಪಿನಲ್ಲಿ ಪ್ಲಸ್ ಬರುತ್ತದೆ, ಬಿಳಿಯಲ್ಲಿ ಮೈನಸ್. ಆ ಬಿಳಿ ಲೈಟಿಗಷ್ಟೇ, ಬ್ಯಾಟರಿ ಹತ್ತಿರ ಹೋಗಕೂಡದು. ಹಳದಿ ಪ್ಲಗ್ಗಿನಲ್ಲಿ ಎರಡೂ ಕಪ್ಪು ಇದ್ದು, ಅವು ರೆಕ್ಕೆ ರೆಕ್ಕೆಯಂಥ ಒಂದು ಅಲ್ಯುಮಿನಿಯಂ ರೆಗ್ಯುಲೇಟರಿಗೆ ಹೋಗಿ ಅಲ್ಲಿಂದ ಒಂದೇ ಕೆಂಪು ವೈರ್ ಹೊರಬಂದರೆ, ಅದು 10 ಅಥವಾ 16 ಆಂಪಿಯರಿನದು. ಮಜಾ ಅಂದರೆ ಈ ಎರಡಕ್ಕೂ ಸ್ಟೇಟರ್ (ಫ್ಲೈವೀಲ್ ಕೆಳಗಿನ ತಂತಿ ಸುರುಳಿ) ಒಂದೇ, ವ್ಯತ್ಯಾಸ ಫ್ಲೈವೀಲ್‌ನ ಆಯಸ್ಕಾಂತದ ಗಾತ್ರದಲ್ಲಿ. ದೊಡ್ಡದಿದ್ದರೆ 16.

ಎಂಜಿನ್ ಯಾವುದು ಅಂತ ಖಚಿತ ಮಾಡಿಕೊಳ್ಳಲು ಮೇಲಿನ ತಗಡಿನಲ್ಲಿ ಅಥವಾ ವಾಲ್ವ್ ಕವರ್ ಹತ್ತಿರ ಒತ್ತಿರುವ ಮಾಡೆಲ್, ಟೈಪ್, ಕೋಡ್ ಎಂಬ ಮೂರು ಸಂಖ್ಯೆ ಬರೆದುಕೊಳ್ಳಿ. ಮಾಡೆಲ್‌ನ ಮೊದಲೆರಡು ಅಂಕಿ ಎಂಜಿನ್ ಗಾತ್ರ, ಕ್ಯೂಬಿಕ್ ಇಂಚಿನಲ್ಲಿ. 31 ಅಂದರೆ ಸುಮಾರು 500 ಸಿಸಿಯ ಒಂಟಿ ಸಿಲಿಂಡರ್, 44 ಅಂದರೆ 724 ಸಿಸಿಯ ಜೋಡಿ. ಕೋಡ್‌ನ ಮೊದಲ ಆರು ಅಂಕಿ ತಯಾರಾದ ವರ್ಷ, ತಿಂಗಳು, ದಿನ. ಆಲ್ಟರ್ನೇಟರ್ ಯಾವುದು ಅಂತ ತಿಳಿಯಲು ಟೈಪ್ ನಂಬರೇ ಬೇಕು, ಬರೀ ಮಾಡೆಲ್ ಸಾಲದು. ಗಾಡಿಯ ನಂಬರ್ ಸಾಧಾರಣವಾಗಿ ಸೀಟಿನ ಕೆಳಗೆ ಇರುತ್ತದೆ. ಹಳೇ ಕ್ರಾಫ್ಟ್ಸ್‌ಮನ್ ಗಾಡಿಗಳಲ್ಲಿ 917ರಿಂದ ಶುರುವಾದರೆ ಅದು ಹಸ್ಕ್ವರ್ನಾ ಕಾರ್ಖಾನೆಯ ಕಡೆಯದು, 247 ಆದರೆ ಎಂಟಿಡಿ ಕಂಪನಿಯದು. ವೈರಿಂಗ್ ಚಿತ್ರ ಹುಡುಕುವಾಗ ಇದು ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಪ್ಲಗ್ ಸೇರಿಸುವ ಮೊದಲು ಗಾಡಿ ಕಡೆ ಅಳೆಯಿರಿ

ಹತ್ತು ಡಾಲರಿನ ಮಲ್ಟಿಮೀಟರ್ ಸಾಕು. ಎಂಜಿನ್ ಕಡೆ ಏನನ್ನೂ ಸೇರಿಸದೆ, ಗಾಡಿ ಕಡೆಯ ಪ್ಲಗ್ಗಿನ ಒಂದೊಂದೇ ಕಾಲಿಗೆ ಮೀಟರಿನ ಕೆಂಪು ಮೊನೆ, ಬ್ಯಾಟರಿ ಮೈನಸ್ಸಿಗೆ ಕಪ್ಪು ಮೊನೆ. ಒಬ್ಬರು ಸೀಟಿನ ಮೇಲೆ ಕೂತು ಬ್ರೇಕ್ ಒತ್ತಿರಲಿ, ಬ್ಲೇಡ್ ಲಿವರ್ ಆಫ್ ಇರಲಿ. ಕೀ ಆಫ್, ರನ್, ಸ್ಟಾರ್ಟ್, ಮೂರು ಸ್ಥಾನದಲ್ಲೂ ಎಷ್ಟು ವೋಲ್ಟ್ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಸ್ಟಾರ್ಟರಿನ ದಪ್ಪ ಕೇಬಲ್ ಬಿಚ್ಚಿಟ್ಟು ಅದರ ತುದಿಗೆ ಟೇಪ್ ಸುತ್ತಿರಿ. ಇಲ್ಲದಿದ್ದರೆ ಸ್ಟಾರ್ಟ್‌ಗೆ ತಿರುಗಿಸಿದಾಗ ಎಂಜಿನ್ ಸುತ್ತುತ್ತದೆ, ಇಲ್ಲವೇ ಆ ತುದಿ ಚಾಸಿಗೆ ತಗುಲಿ ಕಿಡಿ ಹಾರುತ್ತದೆ.

ರನ್ ಮತ್ತು ಸ್ಟಾರ್ಟ್ ಎರಡರಲ್ಲೂ 12 ತೋರಿಸಿ ಆಫ್‌ನಲ್ಲಿ ಸೊನ್ನೆ ತೋರಿಸುವ ಕಾಲು ಕಾರ್ಬ್ಯುರೇಟರ್ ಸೊಲೆನಾಯ್ಡಿಗೆ ಸರಿ. ಕೀ ಆಫ್ ಇದ್ದರೂ 12 ತೋರಿಸಿದರೆ ಅದು ಫ್ಯೂಸ್ ಮೂಲಕ ಬ್ಯಾಟರಿಗೆ ಹೋಗುವ ಚಾರ್ಜಿಂಗ್ ವೈರ್ ಇರಬೇಕು. ಆದರೆ ಹುಷಾರು, ಕೆಲವು ಗಾಡಿಗಳಲ್ಲಿ ಚಾರ್ಜಿಂಗ್ ವೈರೂ ಕೀ ಸ್ವಿಚ್ ಹಾದೇ ಬ್ಯಾಟರಿಗೆ ಹೋಗುತ್ತದೆ, ಆಗ ಅದೂ ಆಫ್‌ನಲ್ಲಿ ಸೊನ್ನೆ, ಕೀ ತಿರುಗಿಸಿದಾಗ 12 ತೋರಿಸುತ್ತದೆ. ಎರಡು ಕಾಲೂ ಒಂದೇ ಥರ ಕಂಡರೆ ಗಾಬರಿಯಾಗಬೇಡಿ, ಅವು ಸ್ವಿಚ್ಚಿನ ಒಂದೇ ಕಾಲಿಗೆ ಹೋಗುತ್ತವೆ.

ಯಾವ ಸ್ಥಾನದಲ್ಲೂ ವೋಲ್ಟೇಜ್ ಕಾಣಿಸದ ಕಾಲುಗಳು ಉಳಿಯುತ್ತವಲ್ಲ, ಅವುಗಳಲ್ಲಿ ಒಂದು ಕಿಲ್. ಬ್ಯಾಟರಿಯ ಎರಡೂ ಕೇಬಲ್ ಬಿಚ್ಚಿ, ಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ಹಾಕಿ, ಆ ಕಾಲಿಗೂ ಚಾಸಿಗೂ ಹಿಡಿಯಿರಿ. ಆಫ್‌ನಲ್ಲಿ ಬೀಪ್, ರನ್‌ನಲ್ಲಿ ಮೌನ ಅಂದರೆ ಅದೇ ಕಿಲ್ ವೈರ್. ಸೀಟಿನಲ್ಲಿ ಕೂತವರು ಬ್ರೇಕ್ ಬಿಟ್ಟು ಮೇಲೇಳಲಿ, ಮತ್ತೆ ಬೀಪ್ ಬರಬೇಕು. ಬಂದರೆ ಸೀಟ್ ಸ್ವಿಚ್ಚೂ ಕೆಲಸ ಮಾಡುತ್ತಿದೆ ಅಂತ ಉಚಿತವಾಗಿ ಗೊತ್ತಾಯಿತು. ಕೀಯಲ್ಲಿ ಲೈಟ್ ಸ್ಥಾನವೂ ಇದ್ದರೆ, ಆ ಸ್ಥಾನದಲ್ಲಿ ಮಾತ್ರ ಬಲ್ಬಿನ ಮೂಲಕ ಚಾಸಿಗೆ ಸಣ್ಣ ಓಮ್ಸ್ ತೋರಿಸುವುದು ಹೆಡ್‌ಲೈಟ್ ವೈರ್.

ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಈ ಚೀಟಿ ಇಲ್ಲದೆ ಮುಂದಿನದೆಲ್ಲ ಕತ್ತಲಲ್ಲಿ ತಡಕಾಟ. ಎಂಜಿನ್ ಕಡೆಯದನ್ನು ಅಳೆದು ಗೊತ್ತು ಮಾಡುವುದಕ್ಕಿಂತ ಕಣ್ಣಲ್ಲಿ ಹಿಂಬಾಲಿಸುವುದು ಸುಲಭ. ಮೇಲಿನ ತಗಡು ತೆಗೆದರೆ ಕಾಯಿಲಿಗೆ ಹೋಗುವ ತೆಳು ವೈರ್ ಕಿಲ್, ಫ್ಲೈವೀಲ್ ಕೆಳಗಿನಿಂದ ಬರುವುದು ಸ್ಟೇಟರ್, ಬಟ್ಟಲ ಕೆಳಗಿಂದ ಬರುವುದು ಸೊಲೆನಾಯ್ಡ್.

ಕೀ ತಿರುಗಿಸಿದರೆ ಸದ್ದೇ ಇಲ್ಲ

ಇದಕ್ಕೂ ಎಂಜಿನ್‌ಗೂ ಬಹುಪಾಲು ಸಂಬಂಧವಿಲ್ಲ. ಫ್ಯೂಸ್ ನೋಡಿ. ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್ ನೋಡಿ, ಸ್ಟಾರ್ಟ್ ಕರೆಂಟ್ ಇವೆರಡನ್ನೂ ದಾಟಿಯೇ ಹೋಗಬೇಕು. ಎಂಜಿನ್ ಇಳಿಸುವಾಗ ಕಾಲಿಗೋ ಕೈಗೋ ಸಿಕ್ಕಿ ಯಾವುದೋ ಕನೆಕ್ಟರ್ ಬಿಚ್ಚಿರುತ್ತದೆ. ಸ್ಟಾರ್ಟರ್ ಸೊಲೆನಾಯ್ಡಿನ (ಕಾರ್ಬ್ಯುರೇಟರಿನದಲ್ಲ, ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚು) ಸಣ್ಣ ಕಾಲಿನಲ್ಲಿ, ಕೀ ಸ್ಟಾರ್ಟ್‌ನಲ್ಲಿದ್ದಾಗ 12 ಬಂದೂ ಟಕ್ ಅನ್ನದಿದ್ದರೆ, ಅದು ಮೂರು ಕಾಲಿನದೋ ನಾಲ್ಕು ಕಾಲಿನದೋ ಅಂತ ನೋಡಿ. ಮೂರು ಕಾಲಿನದು ತನ್ನ ತಗಡಿನ ಮೂಲಕವೇ ಗ್ರೌಂಡ್ ಪಡೆಯುತ್ತದೆ, ಬಣ್ಣದ ಮೇಲೆ ಕೂರಿಸಿದರೆ ಕೆಲಸ ಮಾಡುವುದಿಲ್ಲ. ನಾಲ್ಕು ಕಾಲಿನದಕ್ಕೆ ಎರಡನೇ ಸಣ್ಣ ಕಾಲಿಗೆ ಬೇರೆಯೇ ಗ್ರೌಂಡ್ ವೈರ್ ಬೇಕು.

ಟಕ್ ಅನ್ನುತ್ತದೆ, ಎಂಜಿನ್ ತಿರುಗಲ್ಲ, ಅಥವಾ ಎಳೆದಾಡಿ ತಿರುಗುತ್ತದೆ

ಸ್ನೇಹಿತರ ಗಾಡಿಯಲ್ಲಿ ಇದೇ ಆದದ್ದು. ಬ್ಯಾಟರಿ ಹೊಸದು, 12.6 ವೋಲ್ಟ್ ತೋರಿಸುತ್ತಿತ್ತು. ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತಿ ನಿಲ್ಲುತ್ತಿತ್ತು. ಬ್ಯಾಟರಿ ಬದಲಿಸಬೇಕು ಅಂತ ಅವರು ಅಂಗಡಿಗೆ ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಥ್ರಾಟಲ್ ಕೇಬಲ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಕಪ್ಪು ಹೊದಿಕೆ ಒಂದು ಕಡೆ ಉಬ್ಬಿ, ಜಿನುಗಿ, ಒಳಗಿನ ಸುರುಳಿ ತಂತಿ ಕಾಣಿಸುತ್ತಿತ್ತು.

ಆದದ್ದು ಇಷ್ಟು. ಹೊಸ ಎಂಜಿನ್ ಕೂರಿಸುವ ಮೊದಲು ಚಾಸಿಯನ್ನು ಚೆನ್ನಾಗಿ ತೊಳೆದು ಬಣ್ಣ ಹೊಡೆದಿದ್ದರು. ಬಣ್ಣದ ಮೇಲೆ ಎಂಜಿನ್, ಬೋಲ್ಟ್ ಕೆಳಗೂ ಬಣ್ಣ. ಹಳೇ ಎಂಜಿನ್‌ನ ಒಂದು ಬೋಲ್ಟಿನಿಂದ ಚಾಸಿಗೆ ಇದ್ದ ಗ್ರೌಂಡ್ ಪಟ್ಟಿ ಡಬ್ಬಿಯಲ್ಲೇ ಉಳಿದಿತ್ತು. ಸ್ಟಾರ್ಟರಿಗೆ ನೂರಕ್ಕೂ ಮೀರಿ ಆಂಪಿಯರ್ ಬೇಕು, ಅದು ವಾಪಸ್ ಹೋಗಲು ಎಲ್ಲಿ ದಾರಿ ಸಿಕ್ಕಿದರೆ ಅಲ್ಲಿ ನುಗ್ಗುತ್ತದೆ. ಸಿಕ್ಕಿದ್ದು ಥ್ರಾಟಲ್ ಕೇಬಲ್ಲಿನ ಲೋಹದ ಹೊದಿಕೆ. ಮೂರು ಅಂಗುಲದ ಪಟ್ಟಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಹೊಳೆಯಿಸಿ ಎಂಜಿನ್ ಬ್ಲಾಕಿನಿಂದ ಚಾಸಿಗೆ ಬಿಗಿದರೆ, ಅದೇ ಬ್ಯಾಟರಿಯಲ್ಲಿ ಎಂಜಿನ್ ಗರಗರ ಅಂತ ತಿರುಗಿತು.

ಇದನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಮೊನೆ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ. ಒಬ್ಬರು ಸ್ಟಾರ್ಟ್ ಮಾಡಲಿ. 0.2, 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಗ್ರೌಂಡ್ ಕೆಟ್ಟಿದೆ. ಪ್ಲಸ್ ಕಡೆಯೂ ಹಾಗೇ, ಬ್ಯಾಟರಿ ಪ್ಲಸ್ಸಿನಿಂದ ಸ್ಟಾರ್ಟರ್ ಕಾಲಿಗೆ. ಮಧ್ಯೆ ಸೊಲೆನಾಯ್ಡಿನ ಎರಡು ದಪ್ಪ ಕಾಲುಗಳ ನಡುವೆ ಬೇರೆಯಾಗಿ ಅಳೆಯಿರಿ. ಎಲ್ಲಿ ವೋಲ್ಟ್ ಕಾಣಿಸುತ್ತದೋ ಅಲ್ಲಿ ಕರೆಂಟ್ ಸಿಕ್ಕಿಹಾಕಿಕೊಂಡಿದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯೇ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ.

ಒಂದು ಮಾತು ಪಕ್ಕದಲ್ಲಿ. ಒಂಟಿ ಸಿಲಿಂಡರಿನ ಎಂಜಿನ್ ಪ್ರತಿ ಸಲ ಕಂಪ್ರೆಶನ್‌ಗೆ ಬಂದು ತಡೆದು ನಿಂತರೆ, ವೋಲ್ಟೇಜೆಲ್ಲಾ ಸರಿ ಇದ್ದರೆ, ವೈರಿಂಗ್ ಬಿಟ್ಟುಬಿಡಿ. ವಾಲ್ವ್ ಅಂತರ ಜಾಸ್ತಿಯಾಗಿ ಅಥವಾ ಕ್ಯಾಮ್‌ನಲ್ಲಿರುವ ಕಂಪ್ರೆಶನ್ ಬಿಡುವ ಸಣ್ಣ ಸಾಧನ ಮುರಿದು ಹಾಗಾಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ತಿರುಗಿಸಿ ನೋಡಿ. ಆಗ ಸುಲಭವಾಗಿ ತಿರುಗಿದರೆ ದೋಷ ಎಲ್ಲಿ ಅಂತ ಗೊತ್ತಾಯಿತಲ್ಲ.

ಚೆನ್ನಾಗಿ ತಿರುಗುತ್ತದೆ, ಕಿಡಿ ಇಲ್ಲ

ಜನ ನೇರ ಹೋಗಿ ಕಾಯಿಲ್ ಕೊಳ್ಳುತ್ತಾರೆ. ಬೇಡ. ಮೊದಲು ಎಂಜಿನ್ ಹತ್ತಿರವೇ ಕಿಲ್ ವೈರ್ ಬಿಚ್ಚಿ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಪರೀಕ್ಷೆ ಮಾಡುವ ಸಾಧನ ಏಳೆಂಟು ಡಾಲರಿಗೆ ಸಿಗುತ್ತದೆ, ಅದನ್ನು ಹಾಕಿ ಎಂಜಿನ್ ತಿರುಗಿಸಿ. ಈಗ ಕಿಡಿ ಬಂದರೆ ಎಂಜಿನ್ ನಿರಪರಾಧಿ, ದೋಷ ಗಾಡಿಯ ವೈರಿಂಗಿನಲ್ಲಿದೆ. ಸೀಟ್ ಸ್ವಿಚ್, ಬ್ಲೇಡ್ ಸ್ವಿಚ್, ಕೀ ಸ್ವಿಚ್, ಅಥವಾ ಎಲ್ಲೋ ವೈರ್ ಸಿಪ್ಪೆ ಸುಲಿದು ಚಾಸಿಗೆ ತಗುಲುತ್ತಿದೆ. ಆಗಲೂ ಬರದಿದ್ದರೆ ಎಂಜಿನ್‌ನದೇ ತೊಂದರೆ. ಒಂದೇ ವೈರ್ ಬಿಚ್ಚಿ ಗಾಡಿಯನ್ನು ಎರಡು ಪಾಲು ಮಾಡಿದ ಹಾಗಾಯಿತು. ನೆನಪಿಡಿ, ಹೀಗೆ ಬಿಚ್ಚಿದಾಗ ಎಂಜಿನ್ ಶುರುವಾದರೆ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಅದಕ್ಕೆ ಬ್ಲೇಡ್ ಆಫ್ ಮಾಡಿ, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಮನೆಯ ಗ್ಯಾರೇಜಿನಿಂದ ಹೊರಗೆ ನಿಲ್ಲಿಸಿ ನೋಡಿ. ನಿಲ್ಲಿಸಲು ಚೋಕ್ ಎಳೆಯಿರಿ, ಇಲ್ಲವೇ ಬಿಚ್ಚಿದ ವೈರಿನ ಎಂಜಿನ್ ಕಡೆಯ ತುದಿಯನ್ನು ಎಂಜಿನ್‌ಗೆ ಮುಟ್ಟಿಸಿ.

ವಿ-ಟ್ವಿನ್‌ನಲ್ಲಿ ಇನ್ನೊಂದು ಸಂಗತಿ ಇದೆ. ಎರಡು ಸಿಲಿಂಡರಿಗೆ ಎರಡು ಕಾಯಿಲ್, ಎರಡರ ಕಿಲ್ ವೈರೂ ಒಂದಾಗಿ ಹೊರಬರುತ್ತದೆ. ಹಾಗೇ ಸೇರಿಸಿಬಿಟ್ಟರೆ ಒಂದು ಕಾಯಿಲಿನ ಕೆಲಸ ಇನ್ನೊಂದನ್ನು ಕೆಡಿಸುತ್ತದೆ. ಅದಕ್ಕೇ ಪ್ರತಿ ಕವಲಿನಲ್ಲೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು ಡಯೋಡ್ ಇರುತ್ತದೆ, ವೈರಿನ ಹೊದಿಕೆಯೊಳಗೆ ಸಣ್ಣ ಗಂಟಿನಂತೆ ಬೆರಳಿಗೆ ಸಿಗುತ್ತದೆ. ಎಂಜಿನ್ ಬಿಚ್ಚಿ ಮಾರಿದವರು ಆ ಸಣ್ಣ ಹಾರ್ನೆಸ್ (ವೈರಿನ ಗೊಂಚಲು) ಕತ್ತರಿಸಿಕೊಂಡು ಇಟ್ಟುಕೊಂಡಿದ್ದರೆ, ನೀವು ಬರೀ ವೈರಿನಲ್ಲಿ ಎರಡನ್ನೂ ಗಂಟು ಹಾಕಿದರೆ, ಎಂಜಿನ್ ಒಂದು ಕಾಲು ಕುಂಟಿದ ಹಾಗೆ ಒಂದೇ ಸಿಲಿಂಡರಿನಲ್ಲಿ ಓಡಬಹುದು. ಒಂದು ಡಯೋಡ್ ತೆರೆದುಕೊಂಡು ಸತ್ತರೆ, ಕೀ ಆಫ್ ಮಾಡಿದಾಗ ಆ ಸಿಲಿಂಡರ್ ಮಾತ್ರ ಓಡುತ್ತಲೇ ಇರುತ್ತದೆ. ಮೀಟರಿನ ಡಯೋಡ್ ಸ್ಥಾನದಲ್ಲಿ ಒಂದು ದಿಕ್ಕಿಗೆ ಮಾತ್ರ ತೋರಿಸಬೇಕು. ಎರಡು ಕಡೆಯೂ ತೋರಿಸಿದರೆ ಅಥವಾ ಎರಡು ಕಡೆಯೂ ತೋರಿಸದಿದ್ದರೆ ಹಾರ್ನೆಸ್ ಬದಲಿಸಿ.

ಶುರುವಾಗಿ, ಕೀ ಬಿಟ್ಟ ತಕ್ಷಣ ಸಾಯುತ್ತದೆ

ಎಂಜಿನ್ ಬದಲಿಸಿದವರಿಗೆ ಇದು ಕಟ್ಟಿಟ್ಟ ಬುತ್ತಿ. ಕಾರ್ಬ್ಯುರೇಟರ್ ಕೆಳಗಿನ ಸೊಲೆನಾಯ್ಡ್ ಕರೆಂಟ್ ಇದ್ದಾಗ ಮಾತ್ರ ಪೆಟ್ರೋಲ್ ಬಿಡುತ್ತದೆ. ಅದರ ವೈರನ್ನು ಸ್ವಿಚ್ಚಿನ ಎಸ್ ಕಾಲಿಗೆ, ಅಂದರೆ ಸ್ಟಾರ್ಟರ್ ಕಾಲಿಗೆ ಸೇರಿಸಿದ್ದರೆ, ಕೀ ಸ್ಟಾರ್ಟ್‌ನಲ್ಲಿರುವಷ್ಟು ಹೊತ್ತು ಪೆಟ್ರೋಲ್ ಬರುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ತದ್ವಿರುದ್ಧವೂ ಆಗುತ್ತದೆ. ರನ್‌ನಲ್ಲಿ ಮಾತ್ರ ಕರೆಂಟ್ ಬರುವ ಕಾಲಿಗೆ ಹಾಕಿದರೆ ಎಂಜಿನ್ ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ, ಕೀ ಬಿಡುವ ಹೊತ್ತಿಗೆ ಒಮ್ಮೆ ಕೆಮ್ಮುತ್ತದೆ. ಬೇಕಿರುವುದು ಎರಡರಲ್ಲೂ 12 ಇರುವ ಕಾಲು. ಚೀಟಿ ನೋಡಿ. ಕೀ ರನ್‌ಗೆ ತಂದು ಬಟ್ಟಲ ಕೆಳಗೆ ಬೆರಳಿಟ್ಟರೆ ಸೊಲೆನಾಯ್ಡ್ ಟಿಕ್ ಅನ್ನೋದು ಬೆರಳಿಗೇ ಗೊತ್ತಾಗುತ್ತದೆ.

ಇನ್ನು ಕೆಲವರು ಸದಾ 12 ಇರುವ ವೈರಿಗೆ ಹಾಕಿಬಿಡುತ್ತಾರೆ, ಆಗ ಎಂಜಿನ್ ಚೆನ್ನಾಗೇ ಓಡುತ್ತದೆ. ಆದರೆ ಗಾಡಿ ನಿಂತಿದ್ದಾಗ ಸೊಲೆನಾಯ್ಡ್ ರಾತ್ರಿಯಿಡೀ ಬ್ಯಾಟರಿ ಹೀರುತ್ತದೆ, ಆಫ್ ಮಾಡಿದಾಗ ಸೈಲೆನ್ಸರಿನಲ್ಲಿ ಢಂ ಅನ್ನುತ್ತದೆ. ಆ ಢಂ ತಡೆಯಲೆಂದೇ ಸೊಲೆನಾಯ್ಡ್ ಇಟ್ಟಿರೋದು. ಅದರ ಮೊನೆ ಕತ್ತರಿಸಿ ಹಾಕಿ ಅಂತ ಸಲಹೆ ಕೊಡುವವರೂ ಇದ್ದಾರೆ. ನನಗೆ ಅದು ಇಷ್ಟವಾಗಲ್ಲ, ಒಂದು ವೈರ್ ಸರಿ ಮಾಡುವ ಕೆಲಸಕ್ಕೆ ಒಳ್ಳೇ ಭಾಗ ಹಾಳು ಮಾಡಿದ ಹಾಗೆ.

ಕೂತಿರುವಷ್ಟು ಹೊತ್ತು ಓಡಿ, ಬ್ರೇಕ್ ಬಿಟ್ಟಾಗ ಅಥವಾ ಗುಂಡಿ ಹಾರಿದಾಗ ನಿಂತರೆ, ಸೀಟ್ ಸ್ವಿಚ್ ನೋಡಿ. ಅದನ್ನು ಶಾಶ್ವತವಾಗಿ ಜಂಪ್ ಮಾಡಬೇಡಿ. ಮಕ್ಕಳು ಓಡಾಡುವ ಅಂಗಳದಲ್ಲಿ ಬ್ಲೇಡ್ ತಿರುಗುವ ಗಾಡಿಯಿಂದ ಯಾರಾದರೂ ಬಿದ್ದರೆ ನಿಲ್ಲಿಸುವುದು ಅದೊಂದೇ. ಹತ್ತಿಪ್ಪತ್ತು ಡಾಲರಿನ ಸ್ವಿಚ್ಚು, ಹೊಸದು ಹಾಕಿ.

ಆಫ್ ಮಾಡಿದರೂ ನಿಲ್ಲಲ್ಲ

ಕಿಲ್ ವೈರ್ ಸೇರಿಲ್ಲ, ಇಲ್ಲವೇ ಕೀ ಸ್ವಿಚ್ಚಿನ ಜಿ ಕಾಲಿಗೆ ಗ್ರೌಂಡ್ ಇಲ್ಲ. ಆಫ್‌ನಲ್ಲಿ ಎಂ (ಕಿಲ್ ವೈರಿನದು) ಮತ್ತು ಜಿ ಕಾಲು ಒಂದಾಗಬೇಕು. ಅಷ್ಟೇ.

ಓಡುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಾ ಹೋಗುತ್ತದೆ

ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಡಿ. 13.5ರಿಂದ 14.5ರ ಆಸುಪಾಸು ಬಂದರೆ ಚೆನ್ನಾಗಿದೆ. 12.4ರಲ್ಲೇ ನಿಂತು ನಿಧಾನಕ್ಕೆ ಇಳಿದರೆ ಚಾರ್ಜ್ ಆಗುತ್ತಿಲ್ಲ. ರೆಗ್ಯುಲೇಟರ್ ಇರುವ ಎಂಜಿನ್ ಆದರೆ ಹಳದಿ ಪ್ಲಗ್ ಬಿಚ್ಚಿ, ಮೀಟರನ್ನು ಎಸಿಗೆ ತಿರುಗಿಸಿ, ಎರಡು ಕಪ್ಪು ವೈರಿನ ನಡುವೆ ಅಳೆಯಿರಿ. 3600 ಆರ್‌ಪಿಎಂನಲ್ಲಿ 10 ಆಂಪಿಯರಿನದಕ್ಕೆ ಕನಿಷ್ಠ 20 ವೋಲ್ಟ್, 16ರದಕ್ಕೆ 30 ಬರಬೇಕು. ಬಂದರೆ ಸ್ಟೇಟರ್ ಸರಿ, ರೆಗ್ಯುಲೇಟರ್ ಕಡೆ ತಿರುಗಿ. ಅದು ಕೆಟ್ಟಿದೆ ಅಂತ ತೀರ್ಮಾನ ಮಾಡುವ ಮೊದಲು ಅದರ ತಿರುಪಿನ ಕೆಳಗೆ ನೋಡಿ. ರೆಗ್ಯುಲೇಟರಿನ ಗ್ರೌಂಡ್ ಅಂದರೆ ಅದರ ಮೈಯೇ. ಬಣ್ಣ, ಕಿಲುಬು ಇದ್ದರೆ ಚಾರ್ಜ್ ಮಾಡುವುದಿಲ್ಲ. ಪೂರ್ತಿ ಸತ್ತ ಬ್ಯಾಟರಿ ಇದ್ದರೂ ಅದು ಕೆಲಸ ಶುರು ಮಾಡುವುದಿಲ್ಲ, ಬ್ಯಾಟರಿಯನ್ನು ಹೊರಗಡೆ ಚಾರ್ಜ್ ಮಾಡಿಕೊಂಡು ಪರೀಕ್ಷಿಸಿ. ಡ್ಯುಯಲ್ ಸರ್ಕ್ಯೂಟ್ ಆದರೆ ಕೆಂಪು ವೈರಿನ ಹೊದಿಕೆಯೊಳಗೆ ಪ್ಲಗ್ ಹತ್ತಿರ ಡಯೋಡ್ ಇದೆ. ಅದು ತೆರೆದುಕೊಂಡರೆ ಚಾರ್ಜ್ ಇಲ್ಲ, ಶಾರ್ಟ್ ಆದರೆ ಬ್ಯಾಟರಿ ಸ್ಟೇಟರ್ ಮೂಲಕ ಗ್ರೌಂಡ್‌ಗೆ ಸೋರುತ್ತದೆ.

ಎಲ್ಲಾ ಸರಿ ಇದ್ದೂ ಬ್ಯಾಟರಿ ಇಳಿಯುವ ಒಂದು ಸಂದರ್ಭ ಇದೆ, ಇದನ್ನು ಎಂಜಿನ್ ಕೊಳ್ಳುವ ಮೊದಲೇ ಯೋಚಿಸಬೇಕಿತ್ತು. ನಿಮ್ಮ ಗಾಡಿಯಲ್ಲಿ ಬ್ಲೇಡ್ ಶುರು ಮಾಡಲು ಲಿವರ್ ಬದಲು ಎಳೆಯುವ ಹಳದಿ ಬಟನ್ ಇದೆಯಾ? ಹಾಗಾದರೆ ಕೆಳಗೆ ಎಲೆಕ್ಟ್ರಿಕ್ ಕ್ಲಚ್ ಇದೆ. ಅದರ ಕಾಯಿಲ್ ಸಾಧಾರಣವಾಗಿ 3 ಓಮ್ಸ್ ಆಸುಪಾಸು, ಅಂದರೆ ಹುಲ್ಲು ಕತ್ತರಿಸುವಷ್ಟು ಹೊತ್ತೂ ಸುಮಾರು 4 ಆಂಪಿಯರ್ ತಿನ್ನುತ್ತದೆ. 3 ಆಂಪಿಯರ್ ಕೊಡುವ ಡ್ಯುಯಲ್ ಸರ್ಕ್ಯೂಟ್ ಎಂಜಿನ್ ತಂದು ಕೂರಿಸಿದರೆ ಆದಾಯಕ್ಕಿಂತ ಖರ್ಚೇ ಜಾಸ್ತಿ. ಎರಡು ಮೂರು ಸಲ ಹುಲ್ಲು ಹೊಡೆದ ಮೇಲೆ ಕ್ಲಚ್ ಜಾರಲು ಶುರುವಾಗುತ್ತದೆ, ಆಮೇಲೆ ಸ್ಟಾರ್ಟೇ ಆಗಲ್ಲ. ಜನ ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸುತ್ತಾರೆ. ಇದಕ್ಕೆ ಮದ್ದು ದೊಡ್ಡ ಸ್ಟೇಟರ್, ಅದಕ್ಕೆ ತಕ್ಕ ಫ್ಲೈವೀಲ್, ರೆಗ್ಯುಲೇಟರ್ ಮೂರೂ ಸೇರಿಸಿ ಹಾಕುವುದು. ಹಳೇ ಎಂಜಿನ್ ಗುಜರಿಗೆ ಕೊಡುವ ಮೊದಲು ಅದರಲ್ಲಿ ಇವು ಹೊಂದುತ್ತವೆಯಾ ನೋಡಿ.

ಇದರ ಉಲ್ಟಾ ಆದಾಗ ಹೆಡ್‌ಲೈಟ್ ಉರಿಯುವುದಿಲ್ಲ. ಹಳೇ ಗಾಡಿ ಲೈಟಿಗೆ ಎಂಜಿನ್‌ನಿಂದ ಎಸಿ ಬರುತ್ತದೆ ಅಂತ ಕಾಯುತ್ತಿದೆ, ಹೊಸ ಎಂಜಿನ್‌ನಲ್ಲಿ ಇರೋದು ಒಂದೇ ಡಿಸಿ ವೈರ್. ಸ್ನೇಹಿತರ ಗಾಡಿಯಲ್ಲೂ ಹೀಗೇ ಇತ್ತು. ರನ್‌ನಲ್ಲಿ 12 ಬರುವ ವೈರಿನಿಂದ ಒಂದು ಕವಲು ತೆಗೆದು, ಅದಕ್ಕೆ ಬೇರೆ ಫ್ಯೂಸ್ ಹಾಕಿ, ಹಳೇ ಎಸಿ ಕಾಲಿಗೆ ಕೊಟ್ಟೆವು. ಬಲ್ಬಿಗೆ ಎಸಿ ಆದರೇನು ಡಿಸಿ ಆದರೇನು. ಒಂದೊಂದು ಬಲ್ಬ್ ಸುಮಾರು 2 ಆಂಪಿಯರ್ ಎಳೆಯುತ್ತದೆ, 16 ಆಂಪಿಯರಿನ ಎಂಜಿನ್‌ಗೆ ಅದು ಲೆಕ್ಕಕ್ಕಿಲ್ಲ.

ಕೊನೆಗೆ ವೈರುಗಳನ್ನು ಎಲ್ಲಿ ಓಡಿಸುತ್ತೀರಿ ಅನ್ನೋದು. ವಿ-ಟ್ವಿನ್‌ನ ಸೈಲೆನ್ಸರ್ ಹಳೆಯದಿದ್ದ ಜಾಗದಲ್ಲಿ ಇರುವುದಿಲ್ಲ, ಹಳೇ ವೈರಿನ ದಾರಿ ಈಗ ನೇರ ಅದರ ಮೇಲೇ ಹಾದುಹೋಗಬಹುದು. ಟೇಪ್ ಸುತ್ತಿದ ಜಾಯಿಂಟ್ ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ, ಕ್ರಿಂಪ್ ಮಾಡಿ ಮೇಲೆ ಹೀಟ್ ಶ್ರಿಂಕ್ ಹಾಕಿ. ಎಂಜಿನ್‌ಗೂ ಚಾಸಿಗೂ ನಡುವೆ ಒಂದಿಷ್ಟು ಸಡಿಲ ಬಿಡಿ, ಎಂಜಿನ್ ಅದುರುತ್ತದೆ. ಬೆಲ್ಟಿನ ಹತ್ತಿರ ಯಾವುದೂ ಹೋಗದ ಹಾಗೆ ಟೈ ಹಾಕಿ. ಆಮೇಲೆ ಬ್ಲೇಡ್ ಹಾಕಿ, ಲೈಟ್ ಹಾಕಿ, ಪೂರ್ತಿ ವೇಗದಲ್ಲಿ ಬ್ಯಾಟರಿ ವೋಲ್ಟೇಜ್ ಇನ್ನೊಮ್ಮೆ ನೋಡಿ. ಆ ಹೊರೆಯಲ್ಲೂ 13ರ ಮೇಲೆ ನಿಂತರೆ ಹುಡ್ ಮುಚ್ಚಬಹುದು.